ಹಲ್ಲಚ್ಚಿನ ಗೂಡು

ಮೈಕ್ರೊಬಸ್ಸಿನ ಹಿಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ರಾಫತ್, ತೊಡೆಯ ಮೇಲಿನ ರಟ್ಟಿನ ಡಬ್ಬಿ ಅಲುಗದ ಹಾಗೆ ಎರಡೂ ಮೊಣಕಾಲುಗಳನ್ನು ಮುಂದಿನ ಸೀಟಿಗೆ ಒತ್ತಿಕೊಂಡಿದ್ದ. ಹೊರಗೆ ಮರುಭೂಮಿಯ ಬಿಸಿ ಖಮ್ಸೀನ್ ಗಾಳಿ. ಬೆಳಿಗ್ಗೆಯಿಂದ ತಾಂತಾ ಊರಿನ ಮೇಲೆ ಮರಳಿನ ಧೂಳು ಕವಿದು ಮನೆಗಳು, ಅಂಗಡಿಯ ಬೋರ್ಡುಗಳು, ದೂರದ ಮಿನಾರುಗಳು ಎಲ್ಲವೂ ಹಳೆಯ ಕಟ್ಟುಹಲ್ಲಿನ ಬಣ್ಣಕ್ಕೆ ತಿರುಗಿದ್ದವು. ಶುಕ್ರವಾರದ ನಮಾಜು ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದರು. ಪಕ್ಕದಲ್ಲಿ ಕೂತ ದಪ್ಪ ಹೆಂಗಸು ಡಬ್ಬಿಯನ್ನು ಆಗಲೇ ಒಂದೆರಡು ಸಲ ನೋಡಿಯಾಗಿತ್ತು.

"ಕೇಕಾ?" ಎಂದು ಕೇಳಿದಳು.

"ಹೌದು."

"ಮಕ್ಕಳಿಗಾ?"

"ಮಗಳಿಗೆ."

"ದೇವರು ಚೆನ್ನಾಗಿಟ್ಟಿರ್ಲಿ. ಹಾಗೆ ಓರೆ ಹಿಡೀಬೇಡಪ್ಪಾ, ಕ್ರೀಮೆಲ್ಲ ಮುಚ್ಚಳಕ್ಕೆ ಮೆತ್ಕೊಂಡ್‌ಬಿಡತ್ತೆ."

ಅವನು ಡಬ್ಬಿಯನ್ನು ನೇರ ಮಾಡಿದ. ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದಕ್ಕೆ ಮೊದಲು ಸಮಾಧಾನವಾಯಿತು, ಮರುಕ್ಷಣ ಹೇಸಿಗೆಯಾಯಿತು. ಇವತ್ತು ಇದಕ್ಕಿಂತ ದೊಡ್ಡದೊಂದನ್ನು ಹೇಳಬೇಕಾಗಿದೆ. ಇದು ಬರೀ ಬಾಯಿ ಮುಕ್ಕಳಿಸಿದ ಹಾಗೆ ಎಂದುಕೊಂಡ. ಡಬ್ಬಿಯೊಳಗೆ ಇದ್ದದ್ದು ಅವನ ಕೈಯಾರೆ ಎರಕ ಹೊಯ್ದ ಇರುವೆಗೂಡು. ಅಂಗೈ ಎರಡು ಜೋಡಿಸಿದಷ್ಟು ಅಗಲದ ಪ್ಲಾಸ್ಟರಿನ ಹಲಗೆ, ಅದರಲ್ಲಿ ಕೋಣೆಗಳು, ಕೋಣೆಯಿಂದ ಕೋಣೆಗೆ ದಾರಿಗಳು, ಮೇಲೆ ಗಾಜು, ಗಾಜಿನ ಮೇಲೆ ಕೆಂಪು ಬಣ್ಣದ ಪಾರದರ್ಶಕ ಕಾಗದ. ಹೋದ ಮೌಲಿದ್ ಹಬ್ಬದ ಮಿಠಾಯಿ ಪೊಟ್ಟಣದ ಕಾಗದ ಅದು. ಇರುವೆಗಳಿಗೆ ಕೆಂಪು ಕಾಣುವುದಿಲ್ಲ. ಅವುಗಳ ಪಾಲಿಗೆ ಅದು ಕತ್ತಲೆ. ಗೂಡಿಗೆ ಅಂಟಿಕೊಂಡ ಹಾಗೆ ಪಾರದರ್ಶಕ ಮುಚ್ಚಳದ ಒಂದು ಪ್ಲಾಸ್ಟಿಕ್ ತಟ್ಟೆ, ಅದು ಅವುಗಳ ಅಂಗಳ. ಕಾಳು ಹಾಕುವುದೂ ಅಲ್ಲೇ, ಅವು ತಮ್ಮ ಕಸ ತಂದು ಸುರಿಯುವುದೂ ಅಲ್ಲೇ. ಗೂಡಿನ ನಡುಕೋಣೆಯಲ್ಲಿ ರಾಣಿ ಇದ್ದಳು. ನಿನ್ನೆ ಮಧ್ಯಾಹ್ನ ಸತ್ತಿದ್ದಳು. ಸತ್ತವಳನ್ನು ಚಿಮಟದಲ್ಲಿ ಎತ್ತಿ, ಕಾಲುಗಳನ್ನು ಬದುಕಿದವಳ ಹಾಗೆ ಬಿಡಿಸಿ, ಅಲ್ಲಿ ಕೂರಿಸಿದವನು ಅವನೇ. ಉಳಿದ ಇರುವೆಗಳು ಅವಳನ್ನು ಇನ್ನೂ ನೆಕ್ಕುತ್ತಿದ್ದವು. ರಾಣಿ ಇಲ್ಲದೆಯೂ ಅವು ತಿಂಗಳುಗಟ್ಟಲೆ ಬದುಕುತ್ತವೆ, ಕಾಳು ಹೊರುತ್ತವೆ, ಕಸ ಗುಡಿಸುತ್ತವೆ, ಮೊಟ್ಟೆ ಮಾತ್ರ ಇರುವುದಿಲ್ಲ. ತಿಂಗಳುಗಟ್ಟಲೆ ಎಂದರೆ ಎಷ್ಟೋ ಶುಕ್ರವಾರಗಳು. ರಾಫತ್ ಲೆಕ್ಕ ಹಾಕಿದ್ದು ಅಷ್ಟೇ. ಇರುವೆ ಇರುವ ತನಕ ಮಗಳು ರಿತಾಜ್ ಬರುತ್ತಾಳೆ. ಇರುವೆ ಹೋದ ಮೇಲೆ ಒಂಬತ್ತು ವರ್ಷದ ಹುಡುಗಿ ಯೂತ್ ಸೆಂಟರಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇವನ ಎದುರು ಕೂತು ಏನು ತಾನೇ ಮಾಡಬೇಕು.

ಕೋರ್ಟಿನ ಕಾಗದದಲ್ಲಿ ಅದಕ್ಕೆ ಇದ್ದ ಶಬ್ದ ರುಯಾ. ನೋಡುವುದು. ಪ್ರತಿ ಶುಕ್ರವಾರ ಮೂರು ಗಂಟೆ ಹೊತ್ತು, ಸರ್ಕಾರ ಗೊತ್ತುಮಾಡಿದ ಜಾಗದಲ್ಲಿ, ತಂದೆಗೆ ಮಗುವನ್ನು ನೋಡುವ ಹಕ್ಕು. "ಐಸ್‌ಕ್ರೀಮ್ ಕೊಡ್ಸೋಕೆ ಆಚೆ ಕರ್ಕೊಂಡು ಹೋಗ್ಬಹುದಾ?" ಎಂದು ಅವತ್ತು ಅವನು ಕೇಳಿದ್ದಕ್ಕೆ ವಕೀಲ, ಕೆಳಗಿನ ಎರಡು ಹಲ್ಲು ಒಂದರ ಮೇಲೊಂದು ಏರಿದ್ದ ಮನುಷ್ಯ, ಕಡತ ಮುಚ್ಚುತ್ತ ಹೇಳಿದ್ದ: "ನೋಡೋದು ಅಂದ್ರೆ ನೋಡೋದು ಸ್ವಾಮಿ. ಗೇಟಿನ ಒಳಗೆ." ವಿಚಿತ್ರವೆಂದರೆ ಕನಸಿಗೂ, ಅದೂ ದೇವರು ತೋರಿಸುವಂಥ ಒಳ್ಳೆಯ ಕನಸಿಗೂ, ಜನರ ಬಾಯಲ್ಲಿ ಅದೇ ಶಬ್ದ. ಅವನ ತಾಯಿ ಹಾಜ್ಜಾ ಇನ್ಶಿರಾಹ್ ಓದು ಬಾರದವಳು. "ನಮ್ಮ ರಾಫತ್‌ಗೆ ಶುಕ್ರವಾರ ಶುಕ್ರವಾರ ಕನಸಿರತ್ತೆ" ಎಂದು ಮೆಟ್ಟಿಲ ಮೇಲೆ ನಿಂತು ಪಕ್ಕದ ಮನೆಯವಳಿಗೆ ಹೇಳುವುದನ್ನು ಅವನು ಕೇಳಿಸಿಕೊಂಡಿದ್ದ. ಸಂಜೆ ಅವನು ಬಂದರೆ ಈರುಳ್ಳಿ ಹುರಿಯುತ್ತ, ಬೆನ್ನು ತಿರುಗಿಸದೆ, "ಕನಸು ಹೇಗಿತ್ತು?" ಎನ್ನುತ್ತಾಳೆ. ಅವಳಿಗೆ ನಿಜಕ್ಕೂ ಅರ್ಥವಾಗಿಲ್ಲವೋ, ಅರ್ಥವಾಗಿ ಹೀಗೆ ಕೇಳುತ್ತಾಳೋ, ಅವನಿಗೆ ಈವರೆಗೂ ಗೊತ್ತಾಗಿಲ್ಲ. ಕೇಳಲು ಭಯ. "ಚೆನ್ನಾಗಿತ್ತಮ್ಮಾ" ಎಂದು ಒಳಗೆ ಹೋಗಿ ಷೂ ಬಿಚ್ಚುತ್ತಾನೆ. ಮೊದಮೊದಲು ಆ ಮೂರು ಗಂಟೆ ಹೇಗಿರುತ್ತಿತ್ತೆಂದು ಅಮ್ಮನಿಗೆ ಹೇಳಿದವನಲ್ಲ. ರಿತಾಜ್ ಅವಳ ಸೋದರಮಾವನ ಫೋನು ಹಿಡಿದು ಕೂತಿರುತ್ತಿದ್ದಳು. ಇವನು ಚಿಪ್ಸ್ ತರುತ್ತಿದ್ದ, ಜ್ಯೂಸ್ ತರುತ್ತಿದ್ದ, ಶಾಲೆ ಹೇಗಿದೆ ಎನ್ನುತ್ತಿದ್ದ, ಚೆನ್ನಾಗಿದೆ ಎನ್ನುತ್ತಿದ್ದಳು. ಮಾತು ಮುಗಿದ ಮೇಲೆ ಅವನು ಅವಳ ಬಾಯಿ ನೋಡುತ್ತ ಕೂರುತ್ತಿದ್ದ. ಹಾಲುಹಲ್ಲು ಬಿದ್ದು ಹೊಸದು ಬರುತ್ತಿತ್ತು. ಮೇಲಿನದೊಂದು ಸ್ವಲ್ಪ ಓರೆ. ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ಹಲ್ಲು ಎಷ್ಟು ಇಳಿದಿದೆ ಎಂದು ಅವನಿಗೆ ಕಾಣುತ್ತಿತ್ತು, ಅದೊಂದೇ ಅವನಿಗೆ ಕಾಣುತ್ತಿದ್ದದ್ದು. ರಿತಾಜ್‌ಳ ತಾಯಿ ಗೀಹಾನ್ ಅಂದಿದ್ದಳು, ಮದುವೆ ಮುರಿಯುವ ಮುಂಚೆ, ಬಟ್ಟೆ ಮಡಿಸುತ್ತ, ಸಿಟ್ಟೇ ಇಲ್ಲದೆ: "ನೀನು ಜನರ ಬಾಯಿ ನೋಡ್ತೀಯ, ಮಾತು ಕೇಳಲ್ಲ."

ಆಮೇಲೆ ಹೋದ ಶರತ್ಕಾಲದಲ್ಲಿ ಮೊದಲ ಮಳೆ ಬಿದ್ದ ಮರುದಿನ, ಸೆಂಟರಿನ ಗೋಡೆಯ ಬುಡದಲ್ಲಿ, ರೆಕ್ಕೆ ಉದುರಿಸಿಕೊಂಡು ಒದ್ದೆ ಮಣ್ಣಿನಲ್ಲಿ ಬಿಲ ತೋಡಲು ಜಾಗ ಹುಡುಕುತ್ತಿದ್ದ ಕಪ್ಪನೆಯ ದಪ್ಪ ಇರುವೆಯೊಂದನ್ನು ರಿತಾಜ್ ಖಾಲಿ ಜ್ಯೂಸ್ ಬಾಟಲಿಗೆ ತುಂಬಿಕೊಂಡು ಬಂದಳು. ಅದು ರಾಣಿ ಎಂದು ಫೋನಿನಲ್ಲಿ ನೋಡಿ ಅವಳೇ ಹೇಳಿದಳು. ಅವಳ ಮಾವ ಹುಸಾಮ್ ಅದನ್ನು ಕಾರಿಗೆ ಹತ್ತಿಸಲಿಲ್ಲ. "ಮನೇಲಿ ಇರುವೆ ಆದ್ರೆ ಯಾರೋ ಕಣ್ಣು ಹಾಕಿದಾರೆ ಅಂತ ಅರ್ಥ, ನಿಮ್ಮಮ್ಮ ನನ್ನ ಕೊಲ್ತಾಳೆ" ಎಂದ. ಹುಡುಗಿ ಬಾಟಲಿ ಹಿಡಿದು ಗೇಟಿನ ನಡುವೆ ನಿಂತು ಆ ಕಡೆ ಈ ಕಡೆ ನೋಡಿ, ಓಡಿ ಬಂದು ಇವನ ಕೈಗೆ ತುರುಕಿ, "ನೀನೇ ಇಟ್ಕೋ ಬಾಬಾ, ಸಾಯಿಸ್ಬೇಡ" ಎಂದಳು. ಅವಳು ಅವನನ್ನು ಏನಾದರೂ ಕೇಳಿದ್ದು ಎಷ್ಟೋ ಕಾಲದ ಮೇಲೆ ಅದೇ ಮೊದಲು. ಅವನು ಬಸ್ಸಿನಲ್ಲಿ ಆ ಬಾಟಲಿಯನ್ನು ಅಂಗಿಯೊಳಗೆ ಎದೆಗಿಟ್ಟುಕೊಂಡು ಮನೆಗೆ ಹೋಗಿದ್ದ. ಅರ್ಧ ನೀರು, ನಡುವೆ ಹತ್ತಿ, ಆಚೆ ರಾಣಿ. ಅವನು ಕೆಲಸ ಮಾಡುವ ಕಟ್ಟುಹಲ್ಲಿನ ಲ್ಯಾಬಿನಿಂದ ತಂದ ಗಾಜಿನ ಕೊಳವೆಯಲ್ಲಿ ಅವಳು ಚಳಿಗಾಲ ಕಳೆದಳು. ಮೊಟ್ಟೆ ಇಟ್ಟಳು. ಮೊದಲ ಮರಿಗಳು ಕೂದಲೆಳೆಯ ಹಾಗೆ ಎದ್ದು ಓಡಾಡಿದವು. ಪ್ರತಿ ಶುಕ್ರವಾರ ಅವನು ಕೊಳವೆಯನ್ನು ಕಾಲುಚೀಲದಲ್ಲಿ ಸುತ್ತಿ ತರುತ್ತಿದ್ದ. ರಿತಾಜ್ ಫೋನು ಕೆಳಗಿಡುತ್ತಿದ್ದಳು. ಇಬ್ಬರ ತಲೆಯೂ ಒಂದೇ ಕೊಳವೆಯ ಮೇಲೆ ಬಾಗುತ್ತಿತ್ತು, ಅವಳ ಕೂದಲ ಎಣ್ಣೆಯ ವಾಸನೆ ಅವನ ಮೂಗಿಗೆ ತಾಗುತ್ತಿತ್ತು. ಕಾನೂನಿನ ಯಾವ ಪುಟದಲ್ಲೂ ಇಲ್ಲದ ಈ ವಾಸನೆಗಾಗಿ ಅವನು ಇಡೀ ವಾರ ಕಾಯುತ್ತಿದ್ದ.

ಕೊಳವೆ ಸಾಲದಾಯಿತು. ವಸಂತ ಬಂದ ಮೇಲೆ ಇರುವೆಗಳು ಒಂದರ ಮೇಲೊಂದು ಬಿದ್ದು, ಹತ್ತಿಯನ್ನು ಕಿತ್ತು ಬೂಷ್ಟು ಹಿಡಿಸಿಬಿಟ್ಟಿದ್ದವು. "ಇವಕ್ಕೆ ಮನೆ ಮಾಡು" ಎಂದು ರಿತಾಜ್ ಮೇಜಿನ ಧೂಳಿನ ಮೇಲೆ ಬೆರಳಿನಿಂದ ನಕ್ಷೆ ಬರೆದಿದ್ದಳು. ಇದು ರಾಣಿಗೆ, ಇದು ಕಾಳಿಗೆ, ಇದು ಮರಿಗಳಿಗೆ. ಅವನು ಅದನ್ನು ಕಣ್ಣಿನಲ್ಲೇ ಹೊತ್ತುಕೊಂಡು ಹೋಗಿ ಲ್ಯಾಬಿನಲ್ಲಿ ತೆಳು ಗುಲಾಬಿ ಮೇಣದ ಹಾಳೆ ಬಿಸಿಮಾಡಿ ಕತ್ತರಿಸತೊಡಗಿದ. ಹಲ್ಲಿನ ಸೆಟ್ಟು ಮಾಡುವುದೂ ಹೀಗೆಯೇ: ಒಸಡನ್ನು ಮೇಣದಲ್ಲಿ ತಿದ್ದಬೇಕು, ಸುತ್ತ ಪ್ಲಾಸ್ಟರು ಹೊಯ್ಯಬೇಕು, ಗಟ್ಟಿಯಾದ ಮೇಲೆ ಕುದಿಯುವ ನೀರಿನಲ್ಲಿ ಮೇಣವನ್ನು ಕರಗಿಸಿ ಹೊರಹಾಕಬೇಕು, ಮೇಣ ಇದ್ದ ಜಾಗ ಖಾಲಿಯಾಗಿ ಉಳಿಯುತ್ತದೆ. ಖಾಲಿ ಜಾಗ ಮಾಡುವುದರಲ್ಲಿ ಅವನ ಕೈ ಪಳಗಿತ್ತು. ಎದುರು ಮೇಜಿನ ನಗೀಬ್ ಕನ್ನಡಕ ಹಣೆಗೇರಿಸಿ ನೋಡಿದ.

"ಏನೋ ಅದು? ಯಾವ ಪ್ರಾಣಿಯ ದವಡೆ?"

"ಇರುವೆಗೂಡು."

"ಇರುವೆಗೂ ಹಲ್ಲು ಕಟ್ಟೋಕೆ ಶುರು ಮಾಡಿದ್ಯಾ? ಮುಂಗಡ ಇಸ್ಕೊ ಮಾರಾಯ, ಆಮೇಲೆ ಕಚ್ಚಿ ಓಡಿಹೋಗ್ತವೆ."

"ಮಗಳಿಗೆ."

ನಗೀಬ್ ನಗು ನಿಲ್ಲಿಸಿದ. ಈ ಒಂದು ಶಬ್ದಕ್ಕೆ ಎಲ್ಲರೂ ನಗು ನಿಲ್ಲಿಸುತ್ತಿದ್ದರು, ಅದೇ ಅವನಿಗೆ ಆಗದಿದ್ದದ್ದು. "ಚೆನ್ನಾಗಿದೆ" ಎಂದ ನಗೀಬ್, "ಈ ಕೋಣೆ ಸ್ವಲ್ಪ ದೊಡ್ಡದು ಮಾಡು. ಗಾಳಿ ಬೇಕಲ್ಲ." ಮತ್ತೆ ಕನ್ನಡಕ ಇಳಿಸಿ ಯಾರದೋ ಬಾಯಿಯ ಅಚ್ಚಿನ ಮೇಲೆ ಬಾಗಿದ.

ಪ್ಲಾಸ್ಟರು ಹೊಯ್ದದ್ದು ಮನೆಯ ಅಡುಗೆಮನೆಯಲ್ಲಿ. ಮೂಟೆಯ ಅಡಿಯಲ್ಲಿ ಉಳಿದ ಹಳೆಯ ಪ್ಲಾಸ್ಟರು, ತೇವ ಹಿಡಿದದ್ದು, ಗಟ್ಟಿಯಾಗಲು ಹಟ ಮಾಡುವಂಥದ್ದು. ಬರುವ ಶುಕ್ರವಾರಕ್ಕೆ ತರುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ಲ್ಯಾಬಿನಲ್ಲಿ ಆತುರದ ಕೆಲಸಕ್ಕೆ ನೀರಿಗೆ ಚಿಟಿಕೆ ಉಪ್ಪು ಹಾಕುವುದು ರೂಢಿ, ಉಪ್ಪಿನ ನೀರಿಗೆ ಪ್ಲಾಸ್ಟರು ಬೇಗ ಹಿಡಿಯುತ್ತದೆ. ಅದು ತಲೆಗೆ ಗೊತ್ತಿರುವ ವಿಷಯವಲ್ಲ, ಕೈಗೆ ಗೊತ್ತಿರುವುದು. ಅವನ ಕೈ ಅಮ್ಮನ ಉಪ್ಪಿನ ಭರಣಿಗೆ ಹೋಯಿತು, ಚಿಟಿಕೆ ಸಾಲದೆಂದು ಹಿಡಿ ತುಂಬಿಕೊಂಡು ಬಂತು. ಅಮ್ಮ ನೋಡುತ್ತಿದ್ದಳು. "ಹಾಕು ಹಾಕು. ಒಳ್ಳೇ ಕೆಲಸಕ್ಕೆ ಉಪ್ಪು ಬೀಳ್ಬೇಕು. ಆ ಕಡೆಯವರ ಕಣ್ಣು ಸುಟ್ಟುಹೋಗ್ಲಿ" ಎಂದು ಪ್ರವಾದಿಯ ಹೆಸರು ಹೇಳಿ ತಾನೂ ಒಂದಿಷ್ಟು ಎಸೆದಳು. ಇಬ್ಬರೂ ನಕ್ಕರು. ಆ ಅಡುಗೆಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕದ್ದು ಅವನಿಗೆ ಈಗ ಬಸ್ಸಿನಲ್ಲಿ, ಡಬ್ಬಿಯ ಮೇಲೆ ಕೈಯಿಟ್ಟು ಕೂತಿರುವಾಗ, ಯಾರೋ ಬೇರೆಯವರ ಮನೆಯಲ್ಲಿ ಕೇಳಿದ ಸದ್ದಿನ ಹಾಗೆ ಅನಿಸಿತು. ಮೇಣ ಕರಗಿ ಹೋದ ಮೇಲೆ ಗೂಡು ಎಷ್ಟು ಚೆನ್ನಾಗಿತ್ತೆಂದರೆ ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನಿಂತಿದ್ದ. ಗೋಡೆಗಳು ಒಸಡಿನ ಹಾಗೆ ನುಣುಪು. ತನ್ನ ಜೀವಮಾನದಲ್ಲಿ ಮಾಡಿದ ಅಷ್ಟೂ ದವಡೆಗಳಲ್ಲಿ ಒಂದೂ ತನ್ನದಾಗಿರಲಿಲ್ಲ. ಇದು ಮಾತ್ರ ತನ್ನದು ಎಂದುಕೊಂಡ. ಬುಧವಾರ ಇರುವೆಗಳು ತಾವಾಗಿಯೇ ಕೊಳವೆ ಬಿಟ್ಟು ಒಳಗೆ ಹೋದವು. ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಸಾಲುಸಾಲಾಗಿ, ಕೊನೆಗೆ ರಾಣಿ, ಹಿಂಜರಿಯುತ್ತ, ಅರ್ಧ ದಾರಿಯಲ್ಲಿ ಒಮ್ಮೆ ನಿಂತು. ಅವಳನ್ನು ಹಿಂದಿನಿಂದ ಬೆರಳಿನಲ್ಲಿ ತಳ್ಳಬೇಕೆನ್ನಿಸಿತ್ತು ಅವನಿಗೆ. ತಳ್ಳಲಿಲ್ಲ. ತಾನೇ ಹೋದಳು. ಪ್ಲಾಸ್ಟರು ಒಣಗದಿರಲೆಂದು ಮೇಲಿನ ತೂತಿನಲ್ಲಿ ನೀರು ಬಿಟ್ಟ.

ನಿನ್ನೆ ಕೆಲಸದಿಂದ ಬಂದು ಕೆಂಪು ಕಾಗದ ಎತ್ತಿದರೆ ಗೋಡೆಗಳಿಗೆ ಬಿಳಿಯ ತುಪ್ಪಟ ಬೆಳೆದಿತ್ತು. ಮೊದಲು ಬೂಷ್ಟು ಎಂದುಕೊಂಡ. ಬೆರಳಿನಿಂದ ಮುಟ್ಟಿ ಬಾಯಿಗಿಟ್ಟುಕೊಂಡ. ಉಪ್ಪು. ಪ್ಲಾಸ್ಟರು ಹೀರಿದ ನೀರು ಒಳಗಿನ ಉಪ್ಪನ್ನು ಹೊತ್ತುಕೊಂಡು ಹೊರಗೆ ಬಂದು, ಕೋಣೆ ಕೋಣೆಯಲ್ಲೂ ಅರಳಿಸಿಟ್ಟಿತ್ತು. ಮರಿಹುಳುಗಳು ಸುಕ್ಕುಗಟ್ಟಿದ್ದವು. ರಾಣಿ ಮೂಲೆಯಲ್ಲಿ ಕಾಲು ಮಡಿಸಿಕೊಂಡು ಬಿದ್ದಿದ್ದಳು. ಅವನಿಗೆ ಆ ಕ್ಷಣ ಅಳು ಬರಲಿಲ್ಲ; ನಾಲಿಗೆಯ ಮೇಲಿನ ಉಪ್ಪನ್ನು ಉಗಿಯಬೇಕೋ ನುಂಗಬೇಕೋ ತಿಳಿಯದೆ ಬಾಯಿ ತೆರೆದುಕೊಂಡೇ ನಿಂತಿದ್ದ, ಲ್ಯಾಬಿಗೆ ಬರುವ ಮುದುಕರ ಹಾಗೆ. ಬದುಕಿದ್ದವನ್ನು ತೆಗೆದು, ಗೂಡನ್ನು ನಲ್ಲಿಯ ಕೆಳಗೆ ಸಂಜೆಯವರೆಗೂ ತೊಳೆದು, ಒಲೆಯ ಕಾವಿನಲ್ಲಿ ಒಣಗಿಸಿದ. "ಏನಾಯ್ತೋ?" ಎಂದಳು ಅಮ್ಮ. "ಸೆಖೆಗೆ ಹೋಯ್ತಮ್ಮಾ" ಎಂದ. ಉಪ್ಪು ಎಂದು ಹೇಳಲಿಲ್ಲ. ಹೇಳಿದ್ದರೆ ಅವಳು ತನ್ನ ಎರಡು ಬೆರಳಿನ ಉಪ್ಪನ್ನು ನೆನಪು ಮಾಡಿಕೊಳ್ಳುತ್ತಿದ್ದಳು. ಇನ್ನೊಂದು ರಾಣಿಯನ್ನು ತರೋಣವೆಂದರೆ ಅವು ನೆಲದಿಂದ ಏಳುವುದು ಮೊದಲ ಮಳೆಗೆ, ಅದಕ್ಕೆ ಇಡೀ ಬೇಸಿಗೆ ದಾಟಬೇಕು. ತಂದರೂ ಇವು ಹೊರಗಿನವಳನ್ನು ಹರಿದು ಹಾಕುತ್ತವೆ.

"ಇಲ್ಲೇ ನಿಲ್ಸಪ್ಪಾ" ಎಂದು ಅವನು ಡ್ರೈವರನಿಗೆ ಕೂಗಿದ. ಇಳಿಯುವಾಗ ದಪ್ಪ ಹೆಂಗಸು ಡಬ್ಬಿಯ ತಳಕ್ಕೆ ಕೈ ಕೊಟ್ಟಳು. "ಹುಟ್ಟಿದ ಹಬ್ಬಾನಾ? ನೂರು ವರ್ಷ ಬಾಳ್ಲಿ."

ಯೂತ್ ಸೆಂಟರಿನ ಗೇಟಿನ ಒಳಗೆ ಕಾಂಕ್ರೀಟಿನ ಫುಟ್‌ಬಾಲ್ ಅಂಗಳ, ಅದರ ಅಂಚಿಗೆ ಫೈಕಸ್ ಮರದ ಕೆಳಗೆ ಕುರ್ಚಿ ಮೇಜುಗಳು. ಅಪ್ಪಂದಿರು ಆಗಲೇ ಬಂದು ಕೂತಿದ್ದರು. ಶುಕ್ರವಾರದ ಅಪ್ಪಂದಿರನ್ನು ದೂರದಿಂದಲೇ ಗುರುತಿಸಬಹುದು: ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಚೀಲ, ಗೇಟಿನ ಕಡೆಗೇ ಮುಖ. ಒಬ್ಬ ಹೋದ ವಾರದಂತೆ ಈ ವಾರವೂ ಸೈಕಲ್ಲೊಂದನ್ನು ಗೋಡೆಗೆ ಒರಗಿಸಿಟ್ಟುಕೊಂಡು ಕಾಯುತ್ತಿದ್ದ. ಬಂದವರ ಹೆಸರು ಬರೆದುಕೊಳ್ಳುವ ಮದಾಮ್ ಇಹ್ಸಾನ್ ಧೂಳಿಗೆ ಮೂಗಿನ ಮೇಲೆ ತಲೆವಸ್ತ್ರ ಎಳೆದುಕೊಂಡು ಹೆಣಿಗೆ ಹಾಕುತ್ತಿದ್ದಳು.

"ಬಂದ್ರಾ ಇರುವೆ ಸಾಹೇಬ್ರು" ಎಂದಳು. "ಡಬ್ಬಿ ದೊಡ್ಡದಾಗಿದೆ. ಒಂದು ಹೊರಗೆ ಬಂದ್ರೂ ನಿಮ್ಮನ್ನೂ ಅವನ್ನೂ ಒಟ್ಟಿಗೇ ಆಚೆ ಹಾಕ್ತೀನಿ."

"ಬರಲ್ಲ ಮದಾಮ್. ಅಂಚಿಗೆ ಎಣ್ಣೆ ಸವರಿದೀನಿ."

"ಎಣ್ಣೆ ಸವರಿದ್ರೆ ನಿಲ್ಲೋ ಹಾಗಿದ್ರೆ ನನ್ನ ಗಂಡನಿಗೂ ಸವರ್ತಿದ್ದೆ. ಕೂತ್ಕೊಳ್ಳಿ, ಅವರ ಕಾರು ಬಂತು."

ಹುಸಾಮ್ ಕಾರಿನಿಂದ ಇಳಿದು ಗೇಟಿನ ತನಕ ಬಂದ. ಮುಂದಿನ ಹಲ್ಲಿಗೆ ಯಾರೋ ದುಬಾರಿಯದೇ ಕ್ಯಾಪ್ ಹಾಕಿದ್ದರು, ಆದರೆ ಬಣ್ಣ ಒಂದು ಛಾಯೆ ಹೆಚ್ಚು ಬಿಳಿ. ಅವನು ರಾಫತ್‌ನನ್ನು ಕೆಡುಕನಂತೆ ನೋಡುವುದನ್ನು ಎಂದೋ ಬಿಟ್ಟಿದ್ದ. ಈಗ ದಿನಾ ತೆರೆಯದ ಅಂಗಡಿಯನ್ನು ನೋಡುವ ಹಾಗೆ ನೋಡುತ್ತಾನೆ.

"ಇವತ್ತು ಅವಳ ಗೆಳತಿಯ ಹುಟ್ಟುಹಬ್ಬ ಇತ್ತು" ಎಂದ. "ಈಜುಕೊಳ, ಜೋಕರು, ಏನೇನೋ. ಅವರಮ್ಮ ಹೋಗೇ ಅಂದ್ಲು, ನಾನೂ ಅಂದೆ. ಇಲ್ಲ, ಬಾಬಾ ಮನೆ ಮಾಡಿ ತರ್ತಾರೆ ಅಂತ ಹಟ. ಬೇಗ ಬಿಟ್ರೆ ಕೇಕ್ ಕತ್ತರಿಸೋ ಹೊತ್ತಿಗಾದ್ರೂ ಹೋಗ್ಬಹುದಪ್ಪ, ನಿನ್ನಿಷ್ಟ."

ರಾಫತ್ ಡಬ್ಬಿಯ ಮೇಲಿನ ಧೂಳು ಒರೆಸಿದ. ಎದೆಯಲ್ಲಿ ಏನೋ ಮೇಲೆದ್ದಿತು, ಅದನ್ನು ಗೆಲುವು ಎಂದೇ ಕರೆಯಬೇಕಾಗಿತ್ತು. ಈಜುಕೊಳ ಬಿಟ್ಟು, ಜೋಕರು ಬಿಟ್ಟು, ತನ್ನ ಗೂಡಿಗಾಗಿ ಬಂದಿದ್ದಾಳೆ. ಸತ್ತವಳನ್ನು ಎತ್ತಿ ಕೂರಿಸಿದ್ದು ಸರಿಯಾಯಿತು ಎಂದುಕೊಂಡ. ಈ ಎದುರಿಗಿನ ಬಿಳಿ ಹಲ್ಲಿನ ಮನುಷ್ಯನ ಮುಂದೆ ಸರಿಯಾಯಿತು.

ರಿತಾಜ್ ಹಳದಿ ಫ್ರಾಕು ಹಾಕಿದ್ದಳು, ಪಾರ್ಟಿಯ ಫ್ರಾಕು. ಗಾಳಿಗೆ ಅದರ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಕುರ್ಚಿಗೆ ಬಂದಳು. ಅವನು ಡಬ್ಬಿ ತೆರೆದು ಗೂಡನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ.

"ಅಬ್ಬಾ" ಎಂದಳು. "ನೀನೇ ಮಾಡಿದ್ದಾ?"

"ನಿನ್ನ ನಕ್ಷೆ. ನಾನು ಬರೀ ಹೊಯ್ದೆ."

"ಇದೇನು ವಾಸನೆ?"

"ಯಾವ ವಾಸನೆ?"

"ಡಾಕ್ಟರ ಹತ್ರ ಬರತ್ತಲ್ಲ, ಹಲ್ಲಿನ ಡಾಕ್ಟರ ಹತ್ರ."

ಅವನು ನಕ್ಕ. ಅವಳೂ ನಕ್ಕಳು. ಓರೆ ಹಲ್ಲು ಪೂರ್ತಿ ಇಳಿದಿತ್ತು. ಅಂಗಳದ ತಟ್ಟೆಯಲ್ಲಿ ಇರುವೆಗಳು ಕಾಳು ಹೊರುತ್ತಿದ್ದವು. ಮೊದಲಿಗಿಂತ ಕಡಿಮೆ, ಆದರೆ ಓಡಾಡುತ್ತಿದ್ದುದರಿಂದ ಕಡಿಮೆ ಎಂದು ಕಾಣುತ್ತಿರಲಿಲ್ಲ. ಅವಳು ಗಾಜಿಗೆ ಮೂಗು ತಾಗಿಸಿ ಒಂದೊಂದೇ ಕೋಣೆ ನೋಡಿದಳು. ಮರಿಗಳ ಕೋಣೆ ಖಾಲಿ ಇತ್ತು.

"ಮರಿಗಳೆಲ್ಲಿ?"

"ದೊಡ್ಡವಾದ್ವು. ಓಡಾಡ್ತಿವೆಯಲ್ಲ, ಅವೇ."

"ಎಲ್ಲಾನೂ?"

"ಹೊಸ ಮನೆ ನೋಡು, ಬೇಗ ಬೆಳೆದ್ವು."

ಅವಳು ಅವನ ಮುಖ ನೋಡಿದಳು. ಆಮೇಲೆ ಕೆಂಪು ಕಾಗದದ ಮೂಲೆಯನ್ನು ಉಗುರಿನಿಂದ ಎತ್ತಿದಳು. ಅವನು ಬೇಡ ಎನ್ನುವಷ್ಟರಲ್ಲಿ ಎತ್ತಿಯಾಗಿತ್ತು. ಬೆಳಕು ನಡುಕೋಣೆಗೆ ಬಿತ್ತು. ಅವನು ಬಿಡಿಸಿಟ್ಟಿದ್ದ ಕಾಲುಗಳು ಬಸ್ಸಿನ ಅಲುಗಾಟಕ್ಕೋ, ಇರುವೆಗಳು ನೆಕ್ಕಿ ನೆಕ್ಕಿಯೋ, ಮತ್ತೆ ಮಡಿಸಿಕೊಂಡಿದ್ದವು. ರಾಣಿ ಒಂದು ಮಗ್ಗುಲಿಗೆ ಹೊರಳಿದ್ದಳು. ಎಂಥವರಿಗೂ ತಿಳಿಯುವ ಹಾಗೆ ಹೊರಳಿದ್ದಳು. ರಿತಾಜ್ ಕಾಗದವನ್ನು ಇಳಿಸಿದಳು, ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದಳು, ಮತ್ತೊಮ್ಮೆ ಒತ್ತಿದಳು.

"ಮಲಗಿದಾಳೆ ಬಾಬಾ" ಎಂದಳು. "ಎಬ್ಬಿಸೋದು ಬೇಡ."

ಅವನಿಗೆ ಮೊದಲು ಬಂದದ್ದು ನಿರಾಳ. ತಾನು ಹೇಳಬೇಕೆಂದಿದ್ದ ಮಾತನ್ನೇ ಅವಳು ಹೇಳಿಬಿಟ್ಟಿದ್ದಳು. ಆ ನಿರಾಳದ ಬೆನ್ನಿಗೇ ಅವಳ ದನಿ ಅವನ ಕಿವಿಯಲ್ಲಿ ಮತ್ತೊಮ್ಮೆ ಆಡಿತು. ಅದು ಮೋಸಹೋದ ಮಗುವಿನ ದನಿ ಆಗಿರಲಿಲ್ಲ. ಆ ದನಿ ಅವನಿಗೆ ಗೊತ್ತಿತ್ತು. ಹೊಸ ಸೆಟ್ಟು ಹಾಕಿಕೊಂಡು ಕನ್ನಡಿಯಲ್ಲಿ ತನ್ನ ಬಾಯಿ ಗುರುತಿಸಲಾರದ ಮುದುಕನಿಗೆ, ಚೆನ್ನಾಗಿ ಕೂತಿದೆ ತಾತಾ, ನಿಮ್ಮದೇ ಹಲ್ಲಿನ ಹಾಗಿದೆ ಎಂದು ತಾನು ಹೇಳುವ ದನಿ ಅದು. ಅವಳು ತಲೆ ಎತ್ತದೆ ತಟ್ಟೆಯ ಮುಚ್ಚಳ ಸರಿಸಿ, ಕಾಳಿನ ಪೊಟ್ಟಣ ಬಿಚ್ಚಿ ತಟ್ಟೆಗೆ ಉದುರಿಸುತ್ತಿದ್ದಳು, ಬೇಕಾದ್ದಕ್ಕಿಂತ ಹೆಚ್ಚು ಉದುರಿಸುತ್ತಿದ್ದಳು. ಬಾಬಾ ಮನೆ ಮಾಡಿ ತರ್ತಾರೆ. ಹುಸಾಮ್ ಆ ಮಾತನ್ನು ಹೇಳುವಾಗ ಅದು ಹಟ ಎಂದು ಕೇಳಿಸಿತ್ತು. ಈಗ ಬೇರೆ ಥರ ಕೇಳಿಸಿತು. ಹೋದ ವಾರ ಅವಳು ನಕ್ಷೆ ಬರೆಯುವಾಗ ಎರಡು ಸಲ ಆಕಳಿಸಿದ್ದಳು. ಅದಕ್ಕೂ ಹಿಂದಿನ ವಾರ, ಇವನು ಕೊಳವೆ ಹೊರತೆಗೆದಾಗ, ಗೆಳತಿಗೆ ಏನೋ ಟೈಪು ಮಾಡುತ್ತಿದ್ದವಳು ಫೋನನ್ನು ಸರಕ್ಕನೆ ಕೆಳಗಿಟ್ಟು, ಓಹ್ ಎಷ್ಟು ಮರಿಗಳು ಎಂದಿದ್ದಳು, ನೋಡುವ ಮುಂಚೆಯೇ. ಎಂದಿನಿಂದ? ಚಳಿಗಾಲದಿಂದಲೇ? ಇರುವೆಗಳ ಮೇಲಿನ ಆಸೆ ಮಕ್ಕಳಿಗೆ ಎಷ್ಟು ದಿನ ಇರುತ್ತದೆ, ಒಂದು ತಿಂಗಳು? ಆಮೇಲೆ ಎಷ್ಟು ಶುಕ್ರವಾರ ಅವಳು ಹೀಗೆ ಬಂದು, ಗಾಜಿಗೆ ಮೂಗು ತಾಗಿಸಿ, ಇವನ ತಲೆ ತನ್ನ ತಲೆಯ ಹತ್ತಿರ ಬರುವುದನ್ನು ಸಹಿಸಿಕೊಂಡು ಕೂತಿದ್ದಳು? ಇವನು ಅವಳಿಗಾಗಿ ಸಾಕುತ್ತಿದ್ದ, ಅವಳು ಇವನಿಗಾಗಿ ನೋಡುತ್ತಿದ್ದಳು. ಅವನಿಗೆ ಯಾರೋ ತನ್ನ ದವಡೆ ಹಿಡಿದು ಬಾಯಿ ಅಗಲಿಸಿ ಒಳಗೆಲ್ಲ ಬೆಳಕು ಬಿಟ್ಟು ನೋಡಿ, ಪಾಪ ಎಂದು ಮುಚ್ಚಿದ ಹಾಗಿತ್ತು.

ಹೇಳಿಬಿಡಬೇಕು ಎಂದುಕೊಂಡ. ಸತ್ತಿದ್ದಾಳೆ, ನಾನೇ ಉಪ್ಪು ಹಾಕಿ ಕೊಂದೆ, ಹೋಗು, ಕೇಕು ಕತ್ತರಿಸುವ ಹೊತ್ತಿಗೆ ಸರಿಯಾಗಿ ಹೋಗುತ್ತೀಯ, ಮುಂದಿನ ವಾರ ಬರಬೇಡ. ಇದನ್ನು ಹೇಳುವುದು ತಂದೆಯಾದವನ ಕೆಲಸ. ಬಾಯಿ ತೆರೆದ.

"ಹೊಸ ಮನೆ ಅಲ್ವಾ, ಸುಸ್ತಾಗಿರ್ತಾಳೆ" ಎಂದ.

"ಹ್ಞೂಂ" ಎಂದಳು ರಿತಾಜ್.

"ಮುಂದಿನ ಶುಕ್ರವಾರದ ಹೊತ್ತಿಗೆ ಮೊಟ್ಟೆ ಇಟ್ಟಿರ್ತಾಳೆ."

"ಎಷ್ಟು ಇಡಬಹುದು?"

"ತುಂಬ. ಆ ಕೋಣೆ ತುಂಬೋ ಅಷ್ಟು."

"ಹಾಗಾದ್ರೆ ಬರ್ಲೇಬೇಕು" ಎಂದು ಅವಳು ಫ್ರಾಕಿನ ಮೇಲೆ ಬಿದ್ದ ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ತಟ್ಟೆಗೆ ಹಾಕಿ ಮುಚ್ಚಳ ಮುಚ್ಚಿದಳು.

ಸೈಕಲ್ಲಿನವನ ಮಗ ಇನ್ನೂ ಬಂದಿರಲಿಲ್ಲ. ಅವನು ಎದ್ದು ಚಕ್ರದ ಗಾಳಿ ಒತ್ತಿ ನೋಡಿ ಮತ್ತೆ ಕೂತ. ಅಂಗಳದಲ್ಲಿ ಹುಡುಗರು ಒದ್ದ ಚೆಂಡು ಧೂಳಿನೊಳಗೆ ಹೋಗಿ ಧೂಳಿನಿಂದ ಬರುತ್ತಿತ್ತು. ರಿತಾಜ್ ಶಾಲೆಯ ಬಗ್ಗೆ ಹೇಳಿದಳು, ಕೇಳದೆಯೇ. ಲೆಕ್ಕದ ಟೀಚರು ಬಿಳಿ ಸಾಕ್ಸು ಹಾಕದಿದ್ದರೆ ಹೊರಗೆ ನಿಲ್ಲಿಸುವುದು, ಯಾರೋ ಹುಡುಗಿ ಕ್ಲಾಸಿನಲ್ಲಿ ವಾಂತಿ ಮಾಡಿಕೊಂಡದ್ದು. ಕಾಯಿಲೆಯವರ ಮಂಚದ ಪಕ್ಕ ಕೂತವರು ಹೇಳುವ ಹಾಗೆ, ನಡುವೆ ಮೌನ ಬೀಳದಂತೆ ಜಾಗ್ರತೆಯಿಂದ. ಅವನು ಒಂದೊಂದಕ್ಕೂ ನಕ್ಕ. ಕಾಲ ಕಳೆಯಿತು. ಗೇಟಿನ ಹೊರಗೆ ಹುಸಾಮ್ ಒಮ್ಮೆ ಹಾರನ್ ಒತ್ತಿದ, ಒರಟಾಗಿ ಅಲ್ಲ, ನೆನಪು ಮಾಡುವಂತೆ. ಅವಳ ಕಣ್ಣು ಗೇಟಿನ ಕಡೆ ಹೋಗಿ, ಅವನು ನೋಡಿದನೇನೋ ಎಂದು ತಟ್ಟನೆ ಮೇಜಿಗೆ ಮರಳಿತು.

ಆಗ ಗೂಡಿನ ಬಾಯಲ್ಲಿ ಅಲುಗಾಟ ಕಂಡಿತು. ಇರುವೆಗಳಿಗೆ ಅಷ್ಟು ಹೊತ್ತಿಗೆ ಸಾವಿನ ವಾಸನೆ ತಿಳಿದಿತ್ತೋ ಏನೋ, ಐದಾರು ಸೇರಿಕೊಂಡು ಏನನ್ನೋ ಎಳೆದು ತರುತ್ತಿದ್ದವು, ತೂತು ಚಿಕ್ಕದಾಗಿ ಸಿಕ್ಕಿಹಾಕಿಕೊಂಡಿತ್ತು, ಹಿಂದೆ ಸರಿದು ಮತ್ತೆ ಎಳೆದವು. ದಪ್ಪ ತಲೆ ಮೊದಲು ಬಂತು, ಆಮೇಲೆ ಹೊಳೆಯುವ ಕಪ್ಪು ಮೈ. ತಟ್ಟೆಯ ಬಿಳಿಯ ಮೇಲೆ ಅವಳನ್ನು ಕಸದ ಮೂಲೆಯ ಕಡೆ ಎಳೆಯತೊಡಗಿದವು. ರಾಫತ್ ನೋಡಿದ. ರಿತಾಜ್ ಕೂಡ ನೋಡಿದಳು. ಅವಳ ಅಂಗೈ ಮೇಜಿನ ಮೇಲೆ ಜಾರಿ ಬಂದು ತಟ್ಟೆಯ ಮುಚ್ಚಳದ ಮೇಲೆ ಅಗಲವಾಗಿ ಕೂತಿತು, ಆ ಮೂಲೆಯ ಮೇಲೆಯೇ.

"ಬಾಬಾ, ಅಲ್ಲಿ ನೋಡು, ಗೋಡೆ ಮೇಲೆ" ಎಂದಳು. "ಬೆಕ್ಕು."

ಅವನು ಕುರ್ಚಿಯಲ್ಲಿ ತಿರುಗಿದ. ಕಾಂಪೌಂಡು ಗೋಡೆ ಈ ತುದಿಯಿಂದ ಆ ತುದಿಯವರೆಗೆ ಬೋಳಾಗಿತ್ತು, ಗಾಳಿ ಅದರ ಮೇಲಿಂದ ಧೂಳನ್ನು ಸುರಿಯುತ್ತಿತ್ತು. ಬೆನ್ನ ಹಿಂದೆ ಮುಚ್ಚಳ ತೆಗೆದ ಸಣ್ಣ ಸದ್ದಾಯಿತು. ಅವನು ತಿರುಗಲಿಲ್ಲ. ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಗೋಡೆಯನ್ನೇ ನೋಡುತ್ತಿದ್ದ. ಮುಚ್ಚಳ ಮತ್ತೆ ಕೂತ ಸದ್ದು ಕೇಳಿದ ಮೇಲೂ ನೋಡುತ್ತಿದ್ದ.

"ಕಾಣ್ತಾ?" ಎಂದಳು.

"ಕಾಣ್ತು" ಎಂದ. "ದೊಡ್ಡ ಬೆಕ್ಕು."